ಮೊದಲನೇ ಕುರ್ಚಿಯ ಸುತ್ತ

ಮಾರ್ಚ್ ೪, ಬೆಳಿಗ್ಗೆ

ಮತ್ತೆ ಅದೇ. ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಕಿಟಕಿಗೆ. ಎಡಪಾದ ಇವತ್ತೂ ಹೊಸಿಲಿಗೆ ತಗುಲಿತು. ಸ್ಟ್ರೋಕ್ ಆದಾಗಿನಿಂದ ಹೀಗೇ — ಕಾಲು ಎತ್ತಿದರೂ ಪಾದ ಮೇಲೇಳುವುದಿಲ್ಲ, ಒಳಕ್ಕೆ ಹೊರಳುತ್ತದೆ. ಎಡಗೈ ಸುಧಾರಿಸಿದೆ. ಬಲಗೈಯಂತೂ ಮೊದಲಿನ ಹಾಗೇ. ರೇಜರ್ ಕೊಡಲಿ, ಈಗಲೇ ತೋರಿಸುತ್ತೇನೆ.

ತಮ್ಮ ಬಂದಿದ್ದ. ನಮ್ಮ ಕಟಿಂಗ್ ಶಾಪ್ ಈಗ ಅವನೇ ನೋಡಿಕೊಳ್ಳುತ್ತಾನೆ. ಬಾಗಿಲ ಪಕ್ಕದ ಮೊದಲನೇ ಕುರ್ಚಿ, ನನ್ನದು... ಅದಕ್ಕೆ ಹೊಸ ಕೆಲಸದವನನ್ನು ನೋಡಿದ್ದಾನಂತೆ. ತಿಂಗಳ ಕೊನೆಗೆ ಬರುತ್ತಾನಂತೆ.

"ನೀನು ಬೆಂಚ್ ಮೇಲೆ ಕೂತು ಗಿರಾಕಿಗಳನ್ನ ಮಾತಾಡಿಸ್ತಾ ಇರು ಅಣ್ಣ, ಸಾಕು."

"ನಾನೇನು ಗೋಡೆ ಮೇಲಿನ ಕ್ಯಾಲೆಂಡರಾ?"

"ಕುರ್ಚಿ ಸುತ್ತ ತಿರುಗೋಕಾಗುತ್ತಾ? ರೇಜರ್ ಹಿಡ್ಕೊಂಡು ವಾಲಿದ್ರೆ? ಯಾರು ಕತ್ತು ಕೊಡ್ತಾರೆ ನಿನಗೆ, ಹೇಳು."

ಇಂಥ ಮಾತು ನನಗೆ! ಮೈಯೆಲ್ಲ ಉರಿದುಹೋಯಿತು. ನೋಡೋಣ. ಆ ಕುರ್ಚಿ ಬಿಡುವವನು ನಾನಲ್ಲ.

ಮಾರ್ಚ್ ೭

ಫಿಸಿಯೋ ಮೇಡಂ ಕಣಕಾಲಿಗೆ ಟೇಪು ಹಾಕಿದರು. ನೀಲಿ. ಬಟ್ಟೆಯ ಹಾಗಿದೆ, ಎಳೆದರೆ ಹಿಗ್ಗುತ್ತದೆ. ಪಾದವನ್ನು ಮೇಲಕ್ಕೆತ್ತಿ ಹಿಡಿದು ಮುಂದೊಂದು ಪಟ್ಟಿ, ಹಿಮ್ಮಡಿಯ ಅಡಿಯಿಂದ ಎರಡೂ ಪಕ್ಕಕ್ಕೆ ಇನ್ನೊಂದು. ಎದ್ದು ನಿಂತೆ. ಅರೆರೆ! ಯಾರೋ ಕೆಳಗೆ ಕೂತು ಕಣಕಾಲು ಹಿಡಿದುಕೊಂಡಂತಿತ್ತು. ಹೊಸಿಲು ದಾಟಿದೆ, ತಗುಲಲಿಲ್ಲ.

"ಟೇಪು ನಡೆಸಲ್ಲ ಸಾರ್, ಪಾದಕ್ಕೆ ನೆನಪು ಮಾಡ್ಕೊಡುತ್ತೆ ಅಷ್ಟೇ. ನಡೆಯೋರು ನೀವೇ. ಎಕ್ಸರ್ಸೈಜ್ ತಪ್ಪಿಸಬೇಡಿ."

ಹೆಂಡತಿಗೂ ಹಾಕುವುದನ್ನು ಕಲಿಸಿಕೊಟ್ಟರು, ಮುಂದಿನದು ಮನೆಯಲ್ಲೇ. ಕೂದಲಿದ್ದರೆ ಸರಿಯಾಗಿ ಅಂಟುವುದಿಲ್ಲವಂತೆ. ಕಾಲು ಶೇವ್ ಮಾಡಿಕೊಳ್ಳಿ ಅಂದರು. ಅಂದಿದ್ದು ಯಾರಿಗೆ! ನಗು ತಡೆಯಲಾಗಲಿಲ್ಲ.

ಮಾರ್ಚ್ ೧೨, ಮಧ್ಯಾಹ್ನ

ಮಾನ ಹೋಯಿತು.

ಬೆಳಿಗ್ಗೆ ಕಾಲಿಗೆ ನೊರೆ ಹಚ್ಚಿ, ಹೊಸ ಬ್ಲೇಡು ಹಾಕಿ, ಮದುಮಗನ ಕೆನ್ನೆಗೆ ಮಾಡುವ ಹಾಗೆ ಮಾಡಿದ್ದೆ. ಒಂದು ಗಾಯವಿಲ್ಲ. ಇವಳು ಟೇಪು ಹಾಕಿದಳು. ನೇರ ಅಂಗಡಿಗೆ ಹೋದೆ, ತಮ್ಮನಿಗೆ ತೋರಿಸೋಣ ಅಂತ. ಕುರ್ಚಿ ಸುತ್ತ ಬಲಕ್ಕೆ ತಿರುಗಿದೆ — ಜಂಬದಿಂದಲೇ. ಎಡಕ್ಕೆ ತಿರುಗುವಾಗ ಟೇಪು ಕಿತ್ತು ಬಂತು. ಪಾದ ಹೊರಳಿತು. ಕುರ್ಚಿಯ ಕೈ ಸಿಕ್ಕಿತು, ಇಲ್ಲದಿದ್ದರೆ ಕನ್ನಡಿಯ ಮೇಲೆಯೇ ಬೀಳುತ್ತಿದ್ದೆ.

ಗಿರಾಕಿಗಳೆಲ್ಲ ಪೇಪರ್ ಕೆಳಗಿಳಿಸಿ ನೋಡಿದರು. ತಮ್ಮ ತೋಳು ಹಿಡಿದು ಬೆಂಚ್ ಮೇಲೆ ಕೂರಿಸಿದ. ಬೈದಿದ್ದರೂ ಚೆನ್ನಾಗಿತ್ತು.

ಸಂಜೆ

ಮೇಡಂ ಫೋನಿನಲ್ಲಿ: "ಶೇವ್ ಆದ್ಮೇಲೆ ಏನಾದ್ರೂ ಹಚ್ಚಿದ್ರಾ?"

"ಪಟಿಕದ ಕಲ್ಲು ಉಜ್ಜಿದೆ. ಆಮೇಲೆ ಪೌಡರ್."

ಆ ಕಡೆ ಜೋರು ನಗು. "ಪೌಡರ್ ಮೇಲೆ ಟೇಪು ಹೇಗೆ ನಿಲ್ಲುತ್ತೆ ಸಾರ್!"

ಇಷ್ಟು ವರ್ಷದ ಕೈ. ಶೇವ್ ಅಂದಮೇಲೆ ಕೊನೆಗೆ ಪೌಡರ್. ತಾನಾಗಿಯೇ ಡಬ್ಬಕ್ಕೆ ಹೋಗಿದೆ!

ಇವಳು ಅಡುಗೆಮನೆಯಿಂದ, "ಸದ್ಯ, ಸೆಂಟ್ ಹೊಡೀಲಿಲ್ವಲ್ಲ" ಅಂದಳು. ನಾನೂ ನಕ್ಕೆ. ಅಂದರೆ ತಪ್ಪು ಕಾಲಿನದಲ್ಲ!

ಮಾರ್ಚ್ ೨೩

ಪೌಡರ್ ಡಬ್ಬ ಬೀರುವಿನ ಮೇಲೆ, ನನ್ನ ಕೈಗೆ ಎಟುಕದ ಹಾಗೆ. ಟೇಪು ಈಗ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಅಭ್ಯಾಸಕ್ಕೆ ದಿನಾ ಇವಳನ್ನು ಕುರ್ಚಿಯಲ್ಲಿ ಕೂರಿಸಿ, ಬರೀ ಬೆರಳಲ್ಲಿ ಶೇವ್ ಮಾಡುತ್ತಾ ಸುತ್ತುತ್ತೇನೆ.

"ರೀ, ಮೀಸೆ ಉಳಿಸಿ" ಅನ್ನುತ್ತಾಳೆ.

ಮಾರ್ಚ್ ೩೦, ಅಂಗಡಿಯ ಬೆಂಚ್ ಮೇಲೆ

ಹೊಸಬ ನಾಳೆ ಬರುತ್ತಾನೆ. ಬೆಳಿಗ್ಗೆ ಹಳೇ ಗಿರಾಕಿ ಮೇಷ್ಟ್ರನ್ನು ನನ್ನ ಕುರ್ಚಿಗೆ ಕರೆದೆ. "ಇನ್ನೊಂದ್ಸಲ ಮಾಡಿಸ್ಕೋತೀನಪ್ಪಾ" ಅಂತ ತಮ್ಮನ ಕುರ್ಚಿಗೇ ಹೋದರು. ತಪ್ಪು ಅನ್ನಲಾರೆ. ಕತ್ತು ಅವರದು. ಹೊದೆಸಲು ಬಿಚ್ಚಿದ್ದ ಬಟ್ಟೆ ಮತ್ತೆ ಮಡಚಿಟ್ಟೆ.

ತಮ್ಮನ ಗಡ್ಡ ಕಾಡಿನ ಹಾಗೆ ಬೆಳೆದಿದೆ. ಕಟಿಂಗ್ ಶಾಪ್‌ನವನ ಮುಖವಾ ಇದು! ಬೈದೆ. ಕೇಳಿಸದವನ ಹಾಗೆ ಕಸ ಗುಡಿಸಿದ.

ಈಗ ಗಿರಾಕಿಗಳು ಯಾರೂ ಇಲ್ಲ. ಅವನು ಬಾಗಿಲು ಮುಂದಕ್ಕೆಳೆದು ಬಂದು ಮೊದಲನೇ ಕುರ್ಚಿಯಲ್ಲಿ ಕೂತಿದ್ದಾನೆ. ತಾನೇ ಬಟ್ಟೆ ಹೊದ್ದುಕೊಂಡಿದ್ದಾನೆ. ಗಲ್ಲ ಮೇಲಕ್ಕೆ, ಕಣ್ಣು ಮುಚ್ಚಿ.

"ಬಾ ಅಣ್ಣ. ಇನ್ನೂ ಎಷ್ಟು ದಿನ ಬೆಳೆಸ್ಲಿ ಇದನ್ನ?"

ಟೇಪು ಮುಟ್ಟಿ ನೋಡಿಕೊಂಡೆ. ಗಟ್ಟಿಯಾಗಿದೆ. ಬ್ರಶ್ಶು ಎಲ್ಲಿ —