ಚಹಾ ಡಬ್ಬಿಯಲ್ಲಿದ್ದ ಮಣ್ಣು

ಹೊಲಿಗೆ ಅಂಗಡಿ
ಮಂಗಳವಾರ, ೧೧ನೇ ತಾರೀಖು

ಪ್ರೀತಿಯ ಮೀನಮ್ಮಾ,

(ನಿನ್ನನ್ನು ಹಂಗಿಸಲು ನನ್ನ ಅಕ್ಕ ಇಟ್ಟ ಹೆಸರು ಇದು. ನಾನು ಪ್ರೀತಿಯಿಂದಲೇ ಬರೆದಿದ್ದೇನೆ, ಸಿಟ್ಟಾಗಬೇಡ.) ನಿನ್ನ ಬೆನ್ನುನೋವು ಹೇಗಿದೆ? ತಂಗಿ ಚೆನ್ನಾಗಿದ್ದಾಳಾ? ಮಗು ಆಗಲೇ ಬೋರಲು ಬೀಳುತ್ತಿದೆಯಂತೆ, ಕೇಳಿ ಸಂತೋಷವಾಯಿತು. ತಂಗಿಯ ಬಾಣಂತನಕ್ಕೆಂದು ಒಂದು ತಿಂಗಳಿಗೆ ಹೋದವಳು ನೀನು, ಇದು ನಾಲ್ಕನೆಯದು. ಯಾಕೆ ಬರಲಿಲ್ಲ ಎಂದು ಕೇಳುವ ಮುಖ ನನಗಿಲ್ಲ. ನನ್ನ ಆರೋಗ್ಯ ಪರವಾಗಿಲ್ಲ, ಹೊಟ್ಟೆಯೊಂದನ್ನು ಬಿಟ್ಟು. ಅದರ ಕಥೆ ಮುಂದೆ ಬರುತ್ತದೆ.

ಮೊದಲು ನೀನು ಸಾಕಿದ ಬೆರಳುದ್ದದ ಬಣ್ಣದ ಮೀನುಗಳ, ನಿನ್ನ ಆ ಕಿಲ್ಲಿ ಮೀನುಗಳ ವಿಷಯ. ಇಷ್ಟು ಹೇಸಿಗೆಯ ಕೆಲಸವನ್ನು ನಾನು ಹುಟ್ಟಿದಾಗಿನಿಂದ ಮಾಡಿರಲಿಲ್ಲ. ಫ್ರಿಜ್ಜಿನಲ್ಲಿ ಹಾಲಿನ ಪಕ್ಕದಲ್ಲೇ ಅವಕ್ಕೆ ತಿನ್ನಿಸುವ ಕೆಂಪು ಹುಳುಗಳ ಡಬ್ಬಿ! ಚಿಟಿಕೆಯಷ್ಟು ತೆಗೆದರೆ ಬೆರಳ ಸಂದಿಯಲ್ಲಿ ಮಿಸುಕಾಡುತ್ತವೆ. ಥೂ! ಮಿಕ್ಕ ಉಣ್ಣೆಯಲ್ಲಿ ಕುಚ್ಚು ಕಟ್ಟಿಕೊಡಿ ಎಂದು ನೀನು ಕೇಳಿದಾಗ ಏನೋ ಅಲಂಕಾರಕ್ಕೆ ಎಂದುಕೊಂಡಿದ್ದೆ. ಮೀನುಗಳು ಅದರೊಳಗೆ ಮೊಟ್ಟೆ ಇಡುತ್ತವೆ, ಆ ಅಂಟು ಮೊಟ್ಟೆಗಳನ್ನು ಒಂದೊಂದಾಗಿ ಉಗುರಿನಿಂದ ಬಿಡಿಸಬೇಕು ಎಂದು ನಿನ್ನ ನೋಟ್‌ಬುಕ್ ಓದಿದ ಮೇಲೇ ಗೊತ್ತಾಗಿದ್ದು. ಈಗ ಗಿರಾಕಿ ಅಳತೆ ಕೊಡಲು ಬಂದರೆ ಮೊದಲು ನನ್ನ ಕೈ ನಾನೇ ಮೂಸಿ ನೋಡಿಕೊಳ್ಳುತ್ತೇನೆ. ಎರಡು ಸಲ ಸೋಪು ಹಾಕಿದರೂ ಆ ವಾಸನೆ ಹೋಗುವುದಿಲ್ಲ.

ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ನೀನು ಬರೆದಿದ್ದೆ: 'ಒಂದು ಡಬ್ಬಿಯ ಮೀನನ್ನು ಇನ್ನೊಂದಕ್ಕೆ ಹಾಕಬೇಡಿ ರೀ.' ಅಡಿಗೆರೆ ಬೇರೆ ಎಳೆದಿದ್ದೆ. ನಾನು ಹಾಕಿದೆ. ಊಟದ ಮೇಜಿನ ಮೇಲೆ ಸಾಲಾಗಿ ಏಳು ಗಾಜಿನ ಡಬ್ಬಿ ನೋಡಿದರೆ ಅಕ್ಕನಿಗೆ ತುತ್ತು ಇಳಿಯುವುದಿಲ್ಲವಂತೆ. 'ಎಲ್ಲಾ ಒಂದೇ ಜಾತಿ ತಾನೇ? ಒಂದು ದೊಡ್ಡ ತೊಟ್ಟಿಗೆ ಸುರಿ, ಹೊಂದ್ಕೊಂಡು ಇರ್ತವೆ' ಎಂದಳು. ಏಳು ಡಬ್ಬಿ ತೊಳೆದು ನನಗೂ ಸಾಕಾಗಿತ್ತು. ಅಕ್ಕ ಹೇಳಿದ ಮೇಲೆ ಮುಗಿಯಿತು, ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಹೋದ ತಿಂಗಳು ಒಂದು ಭಾನುವಾರ ನೀಲಿಯವರು, ಕೆಂಪು ಚುಕ್ಕೆಯವರು, ಪಟ್ಟೆಯವರು (ನೀನು ಬೀಗರ ಹೆಸರು ಹೇಳುವ ಹಾಗೆ ಹೇಳುತ್ತಿದ್ದೆಯಲ್ಲ), ಎಲ್ಲರನ್ನೂ ಗಾಜಿನ ತೊಟ್ಟಿಗೆ ಸುರಿದು, ಒಂದು ದೀಪ ಹಚ್ಚಿ, ಕೈ ಒರೆಸಿಕೊಂಡು ಕೂತೆ. ಮೊದಲ ದಿನ ನೋಡಲು ಬಲು ಚೆಂದವಿತ್ತು.

ಮೂರನೇ ದಿನಕ್ಕೆ ಬಾಲಗಳು ಹರಿದ ಚಿಂದಿಯಾಗಿದ್ದವು. ಕೆಂಪು ಚುಕ್ಕೆಯ ಗಂಡೊಂದು, ನೀನು 'ಧಣಿ' ಎನ್ನುತ್ತಿದ್ದೆಯಲ್ಲ, ಅದು ಯಾರನ್ನೂ ತಿನ್ನಲು ಬಿಡಲಿಲ್ಲ. ಪಟ್ಟೆಯವರ ಗಂಡುಗಳಲ್ಲಿ ಒಂದೂ ಉಳಿಯಲಿಲ್ಲ. ಸತ್ತವರನ್ನು ಉಳಿದವರು ಕಣ್ಣಿನಿಂದ ಶುರುಮಾಡಿ ತಿಂದರು, ಹೆಚ್ಚು ಬರೆಯಲಾರೆ. ಮುಚ್ಚಳದ ಸಂದಿಯಿಂದ ಹಾರಿದ ಒಂದು ಮೀನು ಎರಡು ದಿನ ಸಿಗಲಿಲ್ಲ, ಆಮೇಲೆ ಅಕ್ಕನ ಚಪ್ಪಲಿಯೊಳಗೆ ಸಿಕ್ಕಿತು. ಅವಳು ಕಾಲು ಹಾಕಿದ ಮೇಲೆ! (ಇದೊಂದಕ್ಕೆ ಮಾತ್ರ ನೀನು ನಗಬಹುದು.) ಗಂಡುಗಳನ್ನು ಬಣ್ಣ ನೋಡಿ ಮತ್ತೆ ಬೇರೆ ಮಾಡಿದೆ. ಹೆಣ್ಣುಗಳು? ಎಲ್ಲವೂ ಒಂದೇ ಮಾಸಲು ಕಂದು. ಹತ್ತು ಬಗೆಯ ಕಂದು ದಾರವನ್ನು ದೀಪವಿಲ್ಲದೆ ಬೇರ್ಪಡಿಸುವ ದರ್ಜಿ ನಾನು, ಕನ್ನಡಕ ಹಾಕಿಕೊಂಡು ಇಡೀ ಮಧ್ಯಾಹ್ನ ನೋಡಿದರೂ ಯಾವುದು ಯಾವ ಮನೆಯದು ಎಂದು ತಿಳಿಯಲಿಲ್ಲ. ಉಳಿದ ಐದನ್ನೂ ಐದು ಲೋಟಗಳಲ್ಲಿ ಬಿಟ್ಟು ತಟ್ಟೆ ಮುಚ್ಚಿದ್ದೇನೆ.

ಇನ್ನು ಹೊಟ್ಟೆಯ ಕಥೆ. ಹೋದ ಗುರುವಾರ ಅಕ್ಕ ಕೊಟ್ಟ ಚಹಾ ಒಂದು ಥರಾ ಇತ್ತು. ಅರ್ಧ ಕುಡಿದ ಮೇಲೆ ಹಲ್ಲಿಗೆ ನಾರು ಸಿಕ್ಕಿತು. ಯಾವ ಪುಡಿ ಎಂದರೆ, 'ನಿನ್ನ ಹೆಂಡ್ತಿ ಮೇಲಿನ ಕಪಾಟಲ್ಲಿ ಬಚ್ಚಿಟ್ಟಿದ್ಲಲ್ಲ, ಆ ಚಹಾ ಡಬ್ಬೀದು. ಸ್ವಲ್ಪ ತೇವ ಆಗಿತ್ತು, ದಂಡ ಯಾಕೆ ಮಾಡೋದು ಅಂತ ಹಾಕಿದೆ' ಎಂದಳು. ನನ್ನ ಜೀವ ಬಾಯಿಗೆ ಬಂತು, ಅದರ ಹಿಂದೆಯೇ ಚಹಾ ಕೂಡ. ಪಟ್ಟೆಯವರು ಮಿಕ್ಕವರ ಹಾಗೆ ಉಣ್ಣೆಯಲ್ಲಿ ಇಡುವವರಲ್ಲ, ಅವರು ಮೊಟ್ಟೆ ಇಟ್ಟ ನಾರುಮಣ್ಣು ಅದು. ಕೆರೆ ಒಣಗಿದಾಗ ಅವರೆಲ್ಲ ಸಾಯುತ್ತಾರೆ, ಮೊಟ್ಟೆ ಮಾತ್ರ ಮಣ್ಣಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದು ನೀರು ಬಿದ್ದಾಗ ಏಳುತ್ತವೆ ಎಂದು ನೀನು ಎಷ್ಟು ಸಲ ಹೇಳಿದ್ದೆ, ನಾನು ಎಷ್ಟು ಸಲ ಆಕಳಿಸಿದ್ದೆ! ಮದುವೆಯಾಗಿ ಬಂದಾಗ ನಿನ್ನ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಇದ್ದದ್ದು ಇದೇ ವಂಶ, ನಿಮ್ಮಪ್ಪ ಕೊಟ್ಟದ್ದು. ಹದಿನಾಲ್ಕು ವರ್ಷ ಒಂದು ಹನಿ ಬೆರಕೆಯಾಗದಂತೆ ನೀನು ಉಳಿಸಿಕೊಂಡು ಬಂದದ್ದನ್ನು ನಾನು ಸಕ್ಕರೆ ಹಾಕಿಕೊಂಡು ಕುಡಿದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ, ನನಗೆ ಬಾಯಿಯೂ ಕೆಸರೇ ಆಯಿತು.

ಅದಕ್ಕಿಂತ ಹೇಸಿಗೆಯದು ಒಂದಿದೆ, ಬರೆದುಬಿಡುತ್ತೇನೆ. ತೊಟ್ಟಿಯಲ್ಲಿದ್ದಾಗ ಒಂದು ಸಣ್ಣ ಹೆಣ್ಣು ಸದಾ ಪಂಪಿನ ಪೈಪಿನ ಹಿಂದೆ ಮೂಲೆಗೆ ಮುಖ ಮಾಡಿ ನಿಂತಿರುತ್ತಿತ್ತು. ಹುಳು ಹಾಕಿದರೆ ಬರುತ್ತಿರಲಿಲ್ಲ. ಎಲ್ಲರದೂ ಮುಗಿದ ಮೇಲೆ ಮೆಲ್ಲಗೆ ಬಂದು ತಳದಲ್ಲಿ ಉಳಿದದ್ದನ್ನು ತಿಂದು ಮತ್ತೆ ಮೂಲೆಗೆ ಹೋಗುತ್ತಿತ್ತು. ನಾನು ಅದಕ್ಕೆ ಬೈದೆ, 'ಸ್ವಲ್ಪ ಹೊಂದ್ಕೊಂಡು ಹೋಗಬಾರ್ದಾ?' ಎಂದು. ಬೈದ ಮೇಲೆ ನನ್ನ ದನಿ ನನಗೇ ಕೇಳಿಸಿತು. ಹದಿನಾಲ್ಕು ವರ್ಷದಿಂದ ನಿನಗೆ ಹೇಳಿದ ಮಾತು ಇದೊಂದೇ. ಅಕ್ಕ ಹಂಗಿಸಿದಾಗಲೂ ಇದೇ, ನೀನು ಎಲ್ಲರ ಊಟ ಮುಗಿದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ಉಣ್ಣುವುದನ್ನು ಕಂಡಾಗಲೂ ಇದೇ. ಹುಳು, ಸತ್ತ ಮೀನು, ಆ ಚಹಾ, ಎಲ್ಲದರ ವಾಸನೆ ತಡೆದುಕೊಂಡೆ. ಅವತ್ತು ನನ್ನ ಮೇಲೆ ನನಗೇ ಬಂದ ಅಸಹ್ಯ ಇನ್ನೂ ಹೋಗಿಲ್ಲ.

ಗುಬ್ಬಚ್ಚಿಯಂಥ ಆ ಮಗುವಿಗೆ ಎರಡು ಅಂಗಿ ಹೊಲಿದು ಈ ಕಾಗದದ ಜೊತೆಯಲ್ಲೇ ಕಳಿಸಿದ್ದೇನೆ, ಕೈ ತೊಳೆದುಕೊಂಡೇ ಹೊಲಿದದ್ದು. ತಂಗಿಯನ್ನೂ ಅವಳ ಯಜಮಾನರನ್ನೂ ಕೇಳಿದೆ ಎಂದು ಹೇಳು. ನಿನ್ನ ಬೆನ್ನಿಗೆ ಬಿಸಿನೀರಿನ ಶಾಖ ತಪ್ಪಿಸಬೇಡ.

ಇತಿ ನಿನ್ನ,
ದರ್ಜಿ

ತಾ.ಕ.: ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಆ ಚಹಾ ಡಬ್ಬಿಯಲ್ಲಿ ಮಣ್ಣಿನ ಮೂರು ಪೊಟ್ಟಣ ಇದ್ದವು, ಅಕ್ಕ ಕುದಿಸಿದ್ದು ಒಂದನ್ನೇ. ಉಳಿದೆರಡು ನನ್ನ ಗುಂಡಿಗಳ ಡ್ರಾಯರಿನಲ್ಲಿ ಭದ್ರವಾಗಿವೆ. ಅಂಗಡಿಯ ಮೇಲಿನ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದಿದ್ದೇನೆ. ಏಳು ಡಬ್ಬಿ, ಐದು ಲೋಟ ಎಲ್ಲ ಮೇಲೆ ಸಾಗಿಸಿ ಆಯಿತು. ನಾವಿಬ್ಬರೂ ಇನ್ನು ಅಲ್ಲೇ ಇರುವುದು ಎಂದು ಇವತ್ತು ಬೆಳಿಗ್ಗೆ ಅಕ್ಕನಿಗೆ ಹೇಳಿದೆ. ಮಾತು ಬಿಟ್ಟಿದ್ದಾಳೆ, ಬಿಡಲಿ, ಮುಂದೆ ಹೊಂದಿಕೊಳ್ಳುತ್ತಾಳೆ. ಪೊಟ್ಟಣದ ಮೇಲೆ ನಿನ್ನ ಕೈಬರಹದಲ್ಲಿ ಈ ತಿಂಗಳ ಹೆಸರು, ಪಕ್ಕದಲ್ಲಿ '೨೫ಕ್ಕೆ ನೀರು, ತಡವಾದರೆ ಉಳಿಯುವುದಿಲ್ಲ' ಎಂದಿದೆ. ನೀರು ಹಿಡಿದಿಟ್ಟಿರುತ್ತೇನೆ. ಪೊಟ್ಟಣ ಮಾತ್ರ ನಾನು ಮುಟ್ಟುವುದಿಲ್ಲ.