ಲಾಟರಿಗೆ ಹೋದ ಗಡಿಯಾರ

ಡಿಸೆಂಬರ್ ೨, ಸೋಮವಾರ
ಮತ್ತೆ ಅದೇ ಬಂದರಿನ ಕಡತ. ಐವತ್ತು ವರ್ಷಕ್ಕೆ ಆ ದೊಡ್ಡ ದೇಶಕ್ಕೆ ಗುತ್ತಿಗೆ ಕೊಡಬೇಕೋ ಬೇಡವೋ. ನಾರ್ವೆಯ ಈ ತುದಿ ಅವರಿಗೇಕೋ! ಕೆಲಸ ಸಿಗುತ್ತದಂತೆ. ಆದರೆ ಬಂದರೇ ಹೋದರೆ ಊರಿಗೆ ಉಳಿಯುವುದೇನು? ಪುರಸಭೆಯಲ್ಲಿ ನಾಲ್ವರು ಹೌದು, ನಾಲ್ವರು ಬೇಡ. ಒಂಬತ್ತನೆಯವಳು ನಾನು. ಮೀನಂಗಡಿಯವನೂ ಈಗ ನನ್ನನ್ನು ಕಂಡರೆ ಹಲ್ಲು ಕಿರಿಯುತ್ತಾನೆ.

ಡಿಸೆಂಬರ್ ೫
ಇಲ್ಲಿ ಆ ದೇಶದ ಪ್ರತಿನಿಧಿಯಾಗಿರುವ ಕಾನ್ಸಲ್ ಸಾಹೇಬರು ಮನೆಗೆ ಕಾಫಿಗೆ ಬಂದರು. ದಾಲ್ಚಿನ್ನಿ ಬನ್ ಮೂರು ತಿಂದರು. ಹೊರಡುವಾಗ ಮೇಜಿನ ಮೇಲೊಂದು ಪುಟ್ಟ ಪೆಟ್ಟಿಗೆ. "ಬರೀ ನೆನಪಿಗೆ, ಮೇಡಂ."
ಚಿನ್ನದ ಕೈಗಡಿಯಾರ. ಅಯ್ಯೋ, ಎಷ್ಟು ಚೆಂದ! ಕಟ್ಟಿಕೊಂಡೆ.
ಗಂಡ ಐಲಿಫ್ ಪೇಪರಿನಿಂದ ತಲೆ ಎತ್ತಿದ. "ಏನೇ ಗುನ್ವೋರ್, ಬಂದರು ಕೈಗೆ ಸರಿಯಾಗಿ ಕೂತಿದ್ಯಾ?"
ಮೈ ಉರಿಯಿತು. ಬಿಚ್ಚಿಟ್ಟೆ.

ಡಿಸೆಂಬರ್ ೬
ನಮ್ಮ ಪುರಸಭೆ ಕಚೇರಿಯಲ್ಲಿ ಯಾರಿಗೆ ಏನು ಉಡುಗೊರೆ ಬಂದರೂ ಕ್ರಿಸ್‌ಮಸ್ ಲಾಟರಿಗೆ. ಚಾಕೊಲೇಟ್, ವೈನ್, ಕ್ಯಾಲೆಂಡರ್... ಗಡಿಯಾರವನ್ನೂ ಅಲ್ಲೇ ಇಟ್ಟೆ. ಕೊಟ್ಟವರ ಹೆಸರಿನ ಚೀಟಿಯನ್ನೂ ಅಂಟಿಸಿದೆ. ಆಮೇಲೆ ಹನ್ನೆರಡು ಟಿಕೆಟ್ ಕೊಂಡೆ. ನ್ಯಾಯವಾಗಿ ಗೆದ್ದರೆ ಯಾರೇನು ಅಂದಾರು!

ಡಿಸೆಂಬರ್ ೧೩
ಲೂಸಿಯಾ, ಚಳಿಗಾಲದ ದೀಪದ ಹಬ್ಬ. ಕೇಸರಿ ಬನ್, ಹಾಡು, ಲಾಟರಿ. ನನ್ನ ಹನ್ನೆರಡು ಟಿಕೆಟ್ಟಿಗೆ ಬಂದದ್ದು ಒಂದು ಡಬ್ಬಿ ಉಪ್ಪುಮೀನು. ಗಡಿಯಾರ ಗೆದ್ದವನು ಪುರಸಭೆಯ ಹಿಮ ತಳ್ಳುವ ಟ್ರ್ಯಾಕ್ಟರಿನ ಟೋರ್ಲೈಫ್! ಕುಣಿದೇಬಿಟ್ಟ. ನಾನೂ ಕುಣಿದೆ, ಹೊಟ್ಟೆಕಿಚ್ಚು ಕಾಣದಿರಲೆಂದು.

ಡಿಸೆಂಬರ್ ೧೭, ಮಧ್ಯಾಹ್ನ
ನಕ್ಕು ನಕ್ಕು ಪಕ್ಕೆ ನೋವು. ಬಂದರಿನ ತಿರುವಿನಲ್ಲಿ ಕಾನ್ಸಲ್ ಕಾರು ಹಿಮದಲ್ಲಿ ಹೂತುಕೊಂಡಿತ್ತು. ಎಳೆಯಲು ಬಂದವನು ಟೋರ್ಲೈಫ್. ನಾನೂ ಅಲ್ಲೇ ಇದ್ದೆ. ಸಾಹೇಬರ ಕಣ್ಣು ಅವನ ದಪ್ಪ ಮಣಿಕಟ್ಟಿನ ಮೇಲೆ ನೆಟ್ಟುಹೋಯಿತು.
"ಇದು... ಎಲ್ಲಿಂದ ಬಂತು?"
"ಲಾಟರೀಲಿ ಹೊಡೀತು ಸಾರ್! ನೀವೇ ಕೊಟ್ಟಿದ್ದಂತಲ್ಲ, ಚೀಟೀಲಿ ಬರ್ದಿತ್ತು. ಮುಂದಿನ ವರ್ಷ ಗಂಡಸರದ್ದು ಕಳ್ಸಿ, ಇದು ಕೊನೇ ತೂತಿಗೂ ಬಿಗಿ."
ಅವರು ನನ್ನತ್ತ ತಿರುಗಿದರು. "ಮೇಡಂ, ಅದು ನಿಮಗೆ ಕೊಟ್ಟಿದ್ದು."
"ಗೊತ್ತು ಸಾರ್. ಹನ್ನೆರಡು ಟಿಕೆಟ್ ತಗೊಂಡೆ, ಬರ್ಲಿಲ್ಲ!"

ಡಿಸೆಂಬರ್ ೧೮, ಬೆಳಗ್ಗೆ ೧೦.೪೦
ಸಭೆ. ಕಡತದ ಮರೆಯಲ್ಲಿ ಬರೆಯುತ್ತಿರುವೆ. ಗುತ್ತಿಗೆ ಕೊಡೋಣ ಎಂದು ನಾಲ್ಕು ಕೈ ಎದ್ದವು. ಇಳಿದವು. ಕಾನ್ಸಲ್ ಹಿಂದಿನ ಸಾಲಿನಿಂದ ನನ್ನನ್ನೇ ನೋಡುತ್ತಿದ್ದಾರೆ. ಹೆದರಿಕೆಯೇ? ಇಲ್ಲಪ್ಪ, ಖುಷಿ! ಸ್ವೆಟರಿನ ತೋಳು ಮೇಲೆ ಸರಿಸಿಕೊಂಡಿದ್ದೇನೆ, ಬರಿಯ ಮಣಿಕಟ್ಟು ಅವರಿಗೂ ಕಾಣಲಿ. ಅಧ್ಯಕ್ಷರು ಈಗ ಕೇಳುತ್ತಿದ್ದಾರೆ, ಬೇಡ ಎನ್ನುವವರು ಯಾರು ಎಂದು. ಎತ್ತಬೇಕಾದದ್ದು ಪೆನ್ನು ಹಿಡಿದ ಈ ಕೈಯನ್ನೇ, ಹಾಗಾಗಿ—