ಅಕ್ಕನ ಕೈಗೆ ಎಷ್ಟು ನಡುಕ

ಮಾರ್ಚ್ 3, ಬೆಳಗ್ಗೆ 7
ಅಕ್ಕನಿಗಾಗಿ ಕಟ್ಟುತ್ತಿರುವ ಸ್ಟಿಕ್ಕಿನ ಬೆಲ್ಟ್ ಮತ್ತೆ ಜಾರಿತು. ಮೂರನೇ ಸಲ. ಕಾರಿನ ವೈಪರ್ ಮೋಟಾರು ಕಿತ್ತೆಸೆದು, ಫ್ಯಾಕ್ಟರಿಯಲ್ಲಿ ಮೂಲೆಗೆ ಬಿದ್ದಿದ್ದ ಹೊಲಿಗೆ ಯಂತ್ರಗಳ ಎರಡು ಮೋಟಾರು ಕೂರಿಸಿದ್ದೇನೆ. ರಿಪೇರಿಯವಳಾಗಿ ಅಷ್ಟಾದರೂ ಸಿಗುತ್ತದೆ. ವೈಪರಿನದು ಮರಳು ಅಗಿದ ಹಾಗಿತ್ತು. ಇವು ನುಣುಪು. ಆದರೆ ಶಕ್ತಿ ಜಾಸ್ತಿ — ಅದೇ ಭಯ.

ಅಕ್ಕನ ಬಲಗೈ ಮಣಿಕಟ್ಟಿನೊಳಗೆ ಪ್ಲೇಟು, ಆರು ಸ್ಕ್ರೂ. ಎಂಟು ತಿಂಗಳ ಹಿಂದೆ ಅವಳ ಪುಟ್ಟ ವಿಮಾನ ಹೊಲಕ್ಕೆ ಬಿದ್ದಿತ್ತು. 28ಕ್ಕೆ ಪರೀಕ್ಷಕರು ಪಕ್ಕದಲ್ಲಿ ಕೂರುತ್ತಾರೆ. ಪಾಸಾದರೆ ಮತ್ತೆ ಹಾರಬಹುದು. ಅಲ್ಲಿಯವರೆಗೆ ಕಂಪ್ಯೂಟರಿನ ಸಿಮ್ಯುಲೇಟರೇ ಗತಿ. ಅದಕ್ಕೇ ಈ ಸ್ಟಿಕ್, ನಿಜವಾದ ವಿಮಾನದ್ದರ ಹಾಗೆ ಕೈಗೆ ಎದುರೊತ್ತುವಂಥದ್ದು.

ಮಾರ್ಚ್ 8, ಸಂಜೆ
ಅಕ್ಕ ಬಂದಳು. ಅಂಗಡಿಯಲ್ಲಿ ಕೊಂಡ ಸ್ಟಿಕ್ ಅವಳಿಗೆ ಸೇರದು. "ಅದು ಸತ್ತ ಹಾವು. ಹೆಂಗೆ ತಿರುಚಿದ್ರೂ ಸುಮ್ನಿರತ್ತೆ."

ನನ್ನದನ್ನು ಹಿಡಿದಳು. ಪರದೆಯಲ್ಲಿ ವಿಮಾನ ವೇಗ ಹಿಡಿಯಿತು, ಕೈಯಲ್ಲಿ ಸ್ಟಿಕ್ ಬಿಗಿಯಾಯಿತು. ಮುಖ ಅರಳಿತು. "ಅಯ್ಯೋ, ಇದಕ್ಕೆ ಜೀವ ಇದೆ ಕಣೇ!"

ಆಮೇಲೆ ವಿಮಾನದ ಮೂಗು ಎತ್ತಿದಳು. ವೇಗ ಕುಸಿಯಿತು, ಇನ್ನೇನು ಬೀಳುತ್ತದೆ ಎಂದು ಎಚ್ಚರಿಸಲು ಸ್ಟಿಕ್ ನಡುಗಿತು. ಆಗ ಮುಂದಕ್ಕೆ ತಳ್ಳಬೇಕು. ಎಷ್ಟೋ ಜನಕ್ಕೆ ಅವಳೇ ಕಲಿಸಿದ ಪಾಠ. ಆದರೆ ಎಳೆದಳು. ಎರಡೂ ಕೈಯಿಂದ. ಪರದೆ ತುಂಬ ನೆಲ. ಹನ್ನೊಂದು ಸಲ ಹಾಗೇ.

ಟೀ ಮುಟ್ಟದೆ ಹೋದಳು.

ಮಾರ್ಚ್ 12
ಊಟದ ಬಿಡುವಿನಲ್ಲಿ ಭಾವ ಫ್ಯಾಕ್ಟರಿ ಗೇಟಿಗೆ ಬಂದರು.
"ನಿಮ್ಮಕ್ಕಂಗೆ ಹೇಳ್ಬೇಡ. ಆ ನಡುಕ ಒಂಚೂರು ಜಾಸ್ತಿ ಮಾಡು. ಸಾಕಪ್ಪಾ ಅಂತ ಅವಳೇ ಬಿಟ್ಬಿಡ್ಲಿ."
"ಭಾವ..."
"ಅವತ್ತು ಆಸ್ಪತ್ರೆಯಿಂದ ಬಂದ ಫೋನ್ ಎತ್ತಿದ್ದು ನಾನು."
ಆಗಲ್ಲ ಅನ್ನಬೇಕಿತ್ತು. ನೋಡ್ತೀನಿ ಅಂದೆ.

ಮಾರ್ಚ್ 15, ಮಧ್ಯಾಹ್ನ
ಮಾಡಿದೆ. ನಡುಕದ ಅಂಕಿ 40 ಇತ್ತು. 75ಕ್ಕೆ ಏರಿಸಿದೆ. ಭಾವನಿಗಾಗಿ ಅಂದುಕೊಳ್ಳಬಹುದು. ಸುಳ್ಳು. ನನಗೂ ಅವಳು ನೆಲದ ಮೇಲೇ ಬೇಕು.

ಕಾಲಡಿಯಲ್ಲಿ ಹೊಲಿಗೆ ಯಂತ್ರದ ಪೆಡಲ್ ಇಟ್ಟಿದ್ದೆ. ಕಾಲು ತೆಗೆದರೆ ಮೋಟಾರಿಗೆ ಕರೆಂಟು ಕಟ್. ಸ್ಟಿಕ್ ಮೇಜನ್ನೇ ಅಲುಗಿಸಿತು. ಅಕ್ಕ ಕಾಲು ತೆಗೆಯಲಿಲ್ಲ. ಹಲ್ಲು ಕಚ್ಚಿ ಹಿಡಿದಳು. ಕೊನೆಗೆ ನಾನೇ ಪ್ಲಗ್ ಕಿತ್ತೆ.

ಮಣಿಕಟ್ಟು ಊದಿದೆ. ನನ್ನ ಕೈಯಾರೆ...

ಮಾರ್ಚ್ 20
ಊತ ಇಳಿದಿದೆ. ಎಕ್ಸ್‌ರೇ ಆಯಿತು, ಪ್ಲೇಟು ಕದಲಿಲ್ಲ. ನಡುಕ ಏರಿಸಿದ್ದು ನಾನೇ ಅಂತ ಇಂದು ಹೇಳಿಬಿಟ್ಟೆ. ಭಾವನ ಸುದ್ದಿ ಎತ್ತಲಿಲ್ಲ.

ಅಕ್ಕ ಬೆರಳು ಮಡಚುತ್ತಾ ಬಿಚ್ಚುತ್ತಾ ಕೂತಿದ್ದಳು. "ಎಷ್ಟಕ್ಕಿಟ್ಟಿದ್ದೆ?"
"ಎಪ್ಪತ್ತೈದು."
"ನಿಜವಾದ್ದು ಅಷ್ಟು ನಡುಗಲ್ಲ. ಹಿಡಿದ ಕೂಡ್ಲೇ ಗೊತ್ತಾಯ್ತು."
"ಮತ್ಯಾಕೆ ಪೆಡಲ್ ಬಿಡ್ಲಿಲ್ಲ?"
"ಮೇಲೆ ಆಕಾಶದಲ್ಲಿ ಇಂಥ ಪೆಡಲ್ ಇರಲ್ವಲ್ಲೇ."

ಸ್ಟಿಕ್ಕಿನತ್ತ ಬೆರಳು ತೋರಿಸಿದಳು. "ನಲವತ್ತಕ್ಕೆ ಇಳ್ಸು. ಇನ್ನೊಂದ್ಸಲ ಕೇಳ್ದೆ ಮುಟ್ಟಿದ್ರೆ ಕೈ ಮುರೀತೀನಿ. ಈ ಸಲ ನಿಂದು."

ಮಾರ್ಚ್ 25, ಬೆಳಗ್ಗೆ 6
ಸ್ಟಿಕ್ ನಡುಗಿದೊಡನೆ ತಳ್ಳಿದಳು. ವಿಮಾನ ತಲೆ ತಗ್ಗಿಸಿ, ವೇಗ ಹಿಡಿದು, ಎದ್ದಿತು. ನಾನು ಕೂಗಿಕೊಂಡೆ. ಅವಳು ಕೂಗಲಿಲ್ಲ. "ಇನ್ನೊಂದ್ಸಲ," ಅಂದಳು, ಹಣೆಯ ಬೆವರು ತೋಳಿಗೆ ಒರೆಸಿಕೊಂಡು. ಹೆದರಿಕೆ ಎಲ್ಲೂ ಹೋಗಿಲ್ಲ. ಕೈ ಮಾತ್ರ ಅದರ ಮಾತು ಕೇಳುತ್ತಿಲ್ಲ.

ಭಾವ ಬಾಗಿಲಲ್ಲಿ ನಿಂತು ನೋಡಿದರು. ನನ್ನ ಮುಖ ನೋಡಲಿಲ್ಲ.

ಮಾರ್ಚ್ 28, 11.40
ಇನ್ನೂ ಫೋನು ಬಂದಿಲ್ಲ. ಎರಡು ಸೂಜಿ ಮುರಿದೆ. ಸೂಪರ್‌ವೈಸರ್ ಗುರ್ರೆಂದರು.

1.15
ಭಾವನ ಫೋನು. ಎತ್ತಲು ಕೈ ಬರಲಿಲ್ಲ. ಎತ್ತಿದೆ. ಅಳುತ್ತಿದ್ದರು.
"ಪಾಸಂತೆ ಕಣಮ್ಮ," ಅಂದರು. "ಇನ್ನು ದಿನಾ ಜೀವ ಕೈಲಿ ಹಿಡ್ಕೊಂಡಿರ್ಬೇಕು ನಾನು." ಅಳುತ್ತಲೇ ನಗುತ್ತಿದ್ದರು.

ಏಪ್ರಿಲ್ 6, ಬೆಳಗ್ಗೆ 6.30
ಅಕ್ಕ ಇವತ್ತು ನನ್ನನ್ನು ಹತ್ತಿಸಿಕೊಂಡು ಹೋಗುತ್ತಾಳಂತೆ. ಪಕ್ಕದ ಸೀಟು. ಹೊಟ್ಟೆ ಸರಿಯಿಲ್ಲ ಅಂದೆ. ನಂಬಲಿಲ್ಲ. "ನನ್ನ ಹೆದರಿಕೆಗೆ ಮೋಟಾರು ಕಟ್ಟಿದ್ಯಲ್ಲ, ನಿಂದಕ್ಕೇನು ಕಟ್ಲಿ?" ಅಂತ ಕೇಳಿದಳು.

ಶೂ ಹಾಕಿದೆ. ಬಿಚ್ಚಿದೆ. ಮತ್ತೆ ಹಾಕಿದ್ದೇನೆ. ಹೊರಗೆ ಹಾರ್ನ್. ಬರಲ್ಲ ಅಂತ ಕಿಟಕಿಯಿಂದಲೇ ಹೇಳಿಬಿಟ್ಟರೆ... ಬೈಯುವವಳಲ್ಲ. ಒಬ್ಬಳೇ ಹೋಗುತ್ತಾಳೆ. ನಾನು ಇಲ್ಲಿ ಕೂತು ಆಕಾಶ ನೋಡುತ್ತಾ — ಅದಕ್ಕಿಂತ ಪಕ್ಕದಲ್ಲೇ ಕೂತು ಹೆದರುವುದೇ ವಾಸಿ. ಹೊರಟೆ.